ಅಕಿವಾಟೆಯವರ ಮೂರು ಮನೆಗಳು

ಭರತೇಶ ಅಕಿವಾಟೆಯವರು ಯಾರ ಮನೆಗೆ ಹೋದರೂ ಮೊದಲು ಮಾತನಾಡಿಸುತ್ತಿದ್ದುದು ಅಲ್ಲಿನ ಗೋಡೆಯನ್ನು. ಚಪ್ಪಲಿ ಕಳಚಿ, ಬಲಗೈಯ ನಡುಬೆರಳ ಗೆಣ್ಣಿನಿಂದ ಬಾಗಿಲ ಪಕ್ಕದ ಗಿಲಾವನ್ನು ಎರಡು ಸಲ ಕುಟ್ಟಿ, ಕಿವಿಗೊಟ್ಟು ಆಲಿಸಿ, ಒಳಗೆ ಪೊಳ್ಳೋ ಗಟ್ಟಿಯೋ ಎಂಬುದನ್ನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡ ಮೇಲೆಯೇ ಅವರು ಮನೆಯವರ ಕಡೆ ತಿರುಗಿ ಕೈಮುಗಿಯುವರು. ಕೊಲ್ಕತ್ತದ ನಮ್ಮ ಕನ್ನಡ ಬಳಗದವರಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಅವರು ಬಂದ ದಿನ ಆತಿಥೇಯರು ಕುಡಿಯಲು ನೀರು ತರುವ ಮೊದಲು ತೀರ್ಪಿಗಾಗಿ ಕಾದು ನಿಲ್ಲುತ್ತಿದ್ದರು. ಮದುವೆಯ ಛತ್ರದಲ್ಲಿ, ಪೂಜೆಯ ಪೆಂಡಾಲಿನ ಹಿಂದಿನ ಹಳೆಯ ಬಂಗಲೆಯಲ್ಲಿ, ಮಗಳು ಹುಟ್ಟಿದ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಸಹ ಆ ಬೆರಳು ಸುಮ್ಮನಿರಲಿಲ್ಲ.

ಅದು ವೃತ್ತಿಯಿಂದ ಬಂದ ಚಟ. ಅವರು ರೈಲ್ವೆಯಲ್ಲಿ ವರ್ಕ್ಸ್ ಇನ್‌ಸ್ಪೆಕ್ಟರ್; ಹೌರಾದ ನೂರಾರು ಕ್ವಾರ್ಟರ್ಸುಗಳ ಸೋರುವ ಸೂರು, ಕಟ್ಟಿಕೊಂಡ ಮೋರಿ, ಮುರಿದ ಅಗುಳಿಗಳ ಯೋಗಕ್ಷೇಮ ಅವರ ಹೊಣೆ. ಆಳು ಎತ್ತರ, ಬಣ್ಣ ಗೋಧಿ, ನಡಿಗೆ ಮಾತ್ರ ವಿಲಕ್ಷಣ. ದೃಷ್ಟಿ ಸದಾ ಕಟ್ಟಡಗಳ ಮೇಲ್ತುದಿಯಲ್ಲಿ, ಪಾದ ಸದಾ ಕೊಲ್ಕತ್ತದ ಕೆಸರಿನಲ್ಲಿ. ಆದ್ದರಿಂದ ಅವರ ಹೆಂಡತಿ ವಂದನಾ ಯಾವಾಗಲೂ ಎರಡು ಹೆಜ್ಜೆ ಮುಂದೆ ನಡೆದು, ಹೊಂಡ ಬಂದಲ್ಲಿ ತಿರುಗಿ ನೋಡದೆಯೇ ಎಡಗೈಯನ್ನು ಹಿಂದಕ್ಕೆ ಚಾಚುತ್ತಿದ್ದರು. ಅಕಿವಾಟೆಯವರು ಆ ಕೈಯನ್ನೂ ನೋಡದೆಯೇ ಹಿಡಿದು ಹೊಂಡ ದಾಟುತ್ತಿದ್ದರು. ಚಳಿಗಾಲ ಬಂತೆಂದರೆ ಮೈಮೇಲೆ ಇಲಾಖೆ ಕೊಟ್ಟ ಕರಿಯ ಉಣ್ಣೆಯ ಕೋಟು. ಅದರ ಎಡಜೇಬಿನಲ್ಲಿ ಗೋಡೆಯ ಮಟ್ಟ ನೋಡುವ ಒಂದು ರಸಮಟ್ಟ, ಬಲಜೇಬಿನಲ್ಲಿ ಗಿಲಾವು ಕೆರೆಯುವ ಚಪ್ಪಟೆ ಕತ್ತಿ.

ಆದರೆ ಇಷ್ಟೆಲ್ಲ ಮನೆಗಳ ವೈದ್ಯನಾಗಿದ್ದ ಈ ಮನುಷ್ಯನ ಸ್ವಂತ ಕ್ವಾರ್ಟರ್ಸು ಮಾತ್ರ ಹೌರಾದ ಆ ಸಾಲಿನಲ್ಲೇ ಅತ್ಯಂತ ಶಿಥಿಲವಾದದ್ದು. ನೆಲಮಹಡಿ, ಬಿಸಿಲು ವರ್ಷಕ್ಕೊಮ್ಮೆ ದಾರಿ ತಪ್ಪಿದಂತೆ ಬಂದು ಹೋಗುತ್ತಿತ್ತು, ಆಷಾಢದಲ್ಲಿ ಗೋಡೆ ಬೆವರುತ್ತಿತ್ತು. ರಿಪೇರಿಯ ಪಟ್ಟಿಯನ್ನು ಬರೆಯುವವರು ತಾವೇ ಆದ್ದರಿಂದ ತಮ್ಮ ಮನೆಯ ನಂಬರನ್ನು ಅವರು ಪ್ರತಿ ವರ್ಷವೂ ಕಟ್ಟಕಡೆಗೆ ಬರೆಯುತ್ತಿದ್ದರು. ಪಟ್ಟಿ ಕೊನೆ ಮುಟ್ಟುವಷ್ಟರಲ್ಲಿ ಪ್ರತಿ ವರ್ಷವೂ ಸಿಮೆಂಟು ಮುಗಿದುಹೋಗುತ್ತಿತ್ತು. ವಂದನಾ ಅವರಿಗೆ ಉಬ್ಬಸದ ತೊಂದರೆ ಇತ್ತು. ಅವರು ಅದನ್ನು ದೂರಿನಂತೆ ಎಂದೂ ಹೇಳಿದವರಲ್ಲ.

ಸ್ವಂತ ಮನೆ, ಅದರಲ್ಲೂ ಬಾಡಿಗೆಗೆ ಕೊಡುವ ಮನೆ ಮಾಡಬೇಕೆಂಬ ಹಂಬಲ ಅಕಿವಾಟೆಯವರಲ್ಲಿ ಹುಟ್ಟಿದ್ದಕ್ಕೆ ಲೋಭ ಕಾರಣವಲ್ಲ, ಒಂದು ಸಂಜೆ ಕಾರಣ. ಬೆಳಗಾವಿಯಲ್ಲಿ ಅವರ ತಂದೆ ಒಂದು ಅರಿವೆ ಅಂಗಡಿಯ ಗುಮಾಸ್ತರಾಗಿದ್ದರು; ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನರ ಸಂಸಾರ. ಮಾಲಕನ ಮಗನಿಗೆ ಮದುವೆ ಗೊತ್ತಾಗಿ ಕೋಣೆಗಳು ಬೇಕಾದವು. ಹೇಳಿದ ಗಡುವಿಗೆ ಇನ್ನೂ ಎಂಟು ದಿನ ಇರುವಾಗಲೇ ನಾಲ್ಕು ಆಳುಗಳು ಬಂದು ಟ್ರಂಕು, ಹಾಸಿಗೆ, ಒಲೆಯ ಮೇಲಿದ್ದ ಬೇಳೆಯ ಪಾತ್ರೆ ಎಲ್ಲವನ್ನೂ ಓಣಿಯಲ್ಲಿಟ್ಟರು. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ತಂದೆ ಊರೆಲ್ಲ ಸುತ್ತಿ ಆಸರೆ ಹುಡುಕುತ್ತಿದ್ದಾಗ ತಾಯಿ ಟ್ರಂಕಿನ ಮೇಲೆ ಕುಳಿತು, ಅರ್ಧ ಬೆಂದ ಬೇಳೆಯನ್ನು ಮಡಿಲ ಹತ್ತಿರ ಇಟ್ಟುಕೊಂಡು, ಪಡುವಣದ ಮಾಳಿಗೆಗಳ ಹಿಂದೆ ಬಿಸಿಲು ಇಳಿಯುವುದನ್ನು ನೋಡುತ್ತಿದ್ದಳು. ಬಿಸಿಲು ಹೋಯಿತು. ಮಕ್ಕಳು ಉಪವಾಸ ಮಲಗಿದರು. ಆಗ ಭರತೇಶನಿಗೆ ಒಂಬತ್ತು ವರ್ಷ. ಹಸಿವು ಮರೆತುಹೋಯಿತು, ಆದರೆ ತಾಯಿ ಬಿಸಿಲನ್ನು ನೋಡುತ್ತಿದ್ದ ಆ ಮುಖ ಮರೆಯಲಿಲ್ಲ. ತಾನು ಮನೆ ಕೊಳ್ಳುವೆನು, ಅದರಲ್ಲಿ ಯಾರನ್ನಾದರೂ ಇರಗೊಡುವೆನು, ಅವರನ್ನು ಎಂದೂ ಬಿಡಿಸೆನು ಎಂಬ ಈ ಮೂರು ಮಾತುಗಳ ಸಂಕಲ್ಪ ಅಂದಿನದು.

ಎರಡು ಸಾವಿರದ ಇಸವಿಯ ಜನವರಿಯಲ್ಲಿ ಅವರು ಮೊದಲ ಮನೆ ಕೊಂಡರು. ಲೇಕ್ ಗಾರ್ಡನ್ಸಿನಲ್ಲಿ, ರೈಲು ಹಳಿಗೆ ತಾಗಿದಂತಿದ್ದ ಹಳೆಯ ಕಟ್ಟಡದ ಮೊದಲ ಮಹಡಿ. ಲೋಕಲ್ ಗಾಡಿ ಹಾದಾಗಲೆಲ್ಲ ಕಿಟಕಿಯ ಗಾಜು ನಡುಗುವುದರಿಂದ ಯಾರೂ ಅದನ್ನು ಕೊಳ್ಳುವವರಿರಲಿಲ್ಲ, ಬೆಲೆ ಅಗ್ಗ. ಮೂವತ್ತು ವರ್ಷ ಗಾಡಿಯ ಸದ್ದಿನಲ್ಲೇ ಮಲಗಿದ ರೈಲ್ವೆಯವನಿಗೆ ಅದು ಸದ್ದೇ ಅಲ್ಲ. ಭವಿಷ್ಯನಿಧಿಯ ಹಣ ತೆಗೆದು, ಉಳಿದದ್ದಕ್ಕೆ ಸಾಲ ಮಾಡಿ ಕೊಂಡದ್ದಾಯಿತು. ಕೀಲಿ ಕೈಗೆ ಬಂದ ದಿನ ಗಂಡಹೆಂಡಿರಿಬ್ಬರೂ ಕಸಬರಿಗೆ ಹಿಡಿದು ಹೋದರು. ಮನೆಗೆ ದಕ್ಷಿಣದಲ್ಲೊಂದು ಗ್ಯಾಲರಿ ಇತ್ತು. ಬಂಗಾಳಿಗಳು 'ದೊಕ್ಖಿನ್ ಖೋಲಾ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ, ತೆಂಕಣ ಗಾಳಿಗೆ ಬಾಯ್ದೆರೆದ ಜಾಗ. ಕೆಲಸ ಮುಗಿದ ಮೇಲೆ ವಂದನಾ ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಆ ಬಿಸಿಲಿನಲ್ಲಿ ಅರ್ಧ ಗಂಟೆ ಕುಳಿತರು. ಉಸಿರು ಹಗುರಾಗಿ ಓಡಾಡುತ್ತಿತ್ತು.

“ಇಲ್ಲೆ ಶಾವಿಗಿ ಒಣಗಸಬಹುದು ನೋಡ್ರಿ,” ಎಂದರು.

“ಎರಡು ವರ್ಷ ಬಾಡಿಗಿ ಕೊಡೂಣು. ಸಾಲ ಸ್ವಲ್ಪ ಹಗುರ ಆಗಲಿ. ಆಮ್ಯಾಲೆ ನಾವ ಬರೂಣು,” ಎಂದರು ಅಕಿವಾಟೆಯವರು. ವಂದನಾ ತಲೆಯಾಡಿಸಿದರು.

ಮೊದಲ ಬಾಡಿಗೆಯವನು ಏಳೇ ತಿಂಗಳಿಗೆ ಬಿಟ್ಟುಹೋದ. ಚಳಿಗಾಲದಲ್ಲಿ ನೋಡಿ ಕೊಂಡ ಮನೆ. ಶ್ರಾವಣದ ಮಳೆಗೆ ಬಚ್ಚಲ ಗೋಡೆ ಉಪ್ಪು ಕಾರಿತು. ಇಡೀ ಹೌರಾದ ಗೋಡೆಗಳನ್ನು ಓದಬಲ್ಲವನು ತನ್ನ ಗೋಡೆಯನ್ನೇ ಓದಲಾರದೆ ಹೋದೆನಲ್ಲ ಎಂಬ ನಾಚಿಕೆಯಿಂದ ಅವರು ಎಂಟು ಭಾನುವಾರ ಅಲ್ಲೇ ಕೂತು ಗಿಲಾವು ಕೆರೆದು, ಇಟ್ಟಿಗೆ ಆರಿಸಿ, ಹೊಸದಾಗಿ ಮೆತ್ತಿದರು. ಮನೆಯನ್ನು ಸುರಿವ ಮಳೆಯಲ್ಲಿ ನೋಡಬೇಕು, ಮಾರುವವನನ್ನಲ್ಲ ಮೇಲಿನ ಮಹಡಿಯವನನ್ನು ವಿಚಾರಿಸಬೇಕು, ನಲ್ಲಿ ಒಡೆದ ದಿನವೇ ಬಸ್ಸಿನಲ್ಲಿ ಹೋಗಿ ಮುಟ್ಟಲಾರದಷ್ಟು ದೂರ ಕೊಳ್ಳಬಾರದು ಎಂದೆಲ್ಲ ಮುಂದೆ ಅವರು ಕಿರಿಯರಿಗೆ ಹೇಳುತ್ತಿದ್ದ ಪಾಠಗಳು ಆ ಎಂಟು ಭಾನುವಾರಗಳ ಸಂಪಾದನೆ.

ಆಮೇಲೆ ಬಂದವರು ಪುಂಡಲೀಕ ಮತ್ತು ಸ್ನೇಹಲತಾ, ಕುಂದಾಪುರದ ಕಡೆಯವರು. ಇಬ್ಬರೂ ಬ್ಯಾಂಕಿನವರು; ಸ್ನೇಹಲತಾ ಅವರ ಶಾಖೆ ಗರಿಯಾಹಾಟಿನಲ್ಲಿ. ಮಕ್ಕಳಿರಲಿಲ್ಲ. ಬಂದ ಒಂದೂವರೆ ವರ್ಷಕ್ಕೆ, ಇನ್ನೂ ಐವತ್ತು ತುಂಬದ ಪುಂಡಲೀಕರಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಹೋದವು. ಸುದ್ದಿ ಕೇಳಿದ ಅಕಿವಾಟೆಯವರು ರಸಮಟ್ಟ, ಉಳಿ, ಸುತ್ತಿಗೆ ಹಿಡಿದು ಬಂದರು. ಗಾಲಿಕುರ್ಚಿ ಹಾಯಲೆಂದು ಮಲಗುವ ಕೋಣೆಯ ಬಾಗಿಲಿನ ಚೌಕಟ್ಟನ್ನೇ ಕಿತ್ತು ಅಗಲ ಮಾಡಿದರು. ಬಚ್ಚಲಲ್ಲಿ ಕೈಗೆ ಹಿಡಿಕೆ, ಗ್ಯಾಲರಿಯ ಹೊಸ್ತಿಲಿಗೆ ಇಳಿಜಾರು. ಬೇಡವೆಂದು ಸಂಕೋಚಪಟ್ಟ ಸ್ನೇಹಲತಾ ಅವರಿಗೆ, ತಮ್ಮ ಜೀವಮಾನದ ಅತಿ ಗಂಭೀರವಾದ ವಾಗ್ದಾನವನ್ನು ಅವರು ಗಾರೆಯ ಕೈಯಲ್ಲೇ ಮಾಡಿದರು.

“ನೀವು ಇರೂತನಕ ಈ ಮನಿ ನಿಮ್ಮದ ರೀ ಬಾಯಾರ. ಬಿಡ್ರಿ ಅನ್ನೂ ಮಾತು ನನ್ನ ಬಾಯಾಗ ಬರೂದಿಲ್ಲ.”

ಆ ಹೊತ್ತಿಗೆ ವಂದನಾ ಅವರ ಎರಡು ವರ್ಷ ಮುಗಿದಿತ್ತು.

ಅತ್ತ ನಗರ ಹೊಸ ಹುರುಪಿನಲ್ಲಿ ಬೆಳೆಯುತ್ತಿತ್ತು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದವು. ದುರ್ಗಾಪುರ, ಆಸನ್‌ಸೋಲ್, ಭುವನೇಶ್ವರಗಳಿಂದ ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯದವರು ಕುತ್ತಿಗೆಗೆ ಗುರುತುಚೀಟಿ ತೂಗಿಕೊಂಡು ಬಂದಿಳಿದರು. ಅವರಿಗೆ ಸಂಬಳ ಕೊಡುವವರಿದ್ದರು, ಕೋಣೆ ಕೊಡುವವರಿರಲಿಲ್ಲ. ಅದರಲ್ಲೂ ಒಂಟಿ ಹುಡುಗಿಯರನ್ನು ಕಂಡರೆ ಮನೆಮಾಲಕರು ಬಾಗಿಲ ಚಿಲಕವನ್ನೇ ತೆಗೆಯುತ್ತಿರಲಿಲ್ಲ. ಅಕಿವಾಟೆಯವರು ಎರಡು ಸಾವಿರದ ಮೂರರಲ್ಲಿ ಕಸಬಾದಲ್ಲಿ ನಾಲ್ಕನೆಯ ಮಹಡಿಯ, ಲಿಫ್ಟಿಲ್ಲದ ಎರಡನೆಯ ಮನೆ ಕೊಂಡು ಮೂವರು ಹುಡುಗಿಯರಿಗೆ ಕೊಟ್ಟರು. ಅಪರಾತ್ರಿ ಕಂಪನಿಯ ಕಾರು ಬಂದು ಇಳಿಸಿಹೋಗುವ ಹುಡುಗಿಯರ ಬಗ್ಗೆ ಆ ಪಾಡಾದ, ಎಂದರೆ ಕೇರಿಯ, ಹಿರಿಯರು ಕ್ಲಬ್ಬಿನ ಕೋಣೆಗೆ ಇವರನ್ನು ಕರೆಸಿ ಆಕ್ಷೇಪಿಸಿದರು. ಇವರು ಎಲ್ಲವನ್ನೂ ಕೇಳಿ, ಎದ್ದು ನಿಂತು, ತಾನು ಬಲ್ಲ ಎಂಜಿನ್ ಡ್ರೈವರುಗಳೆಲ್ಲ ರಾತ್ರಿಯೇ ದುಡಿಯುವವರು, ಅವರಲ್ಲಿ ಯಾರ ಶೀಲವನ್ನು ಮೊದಲು ವಿಚಾರಿಸಲಿ ಎಂದು ತಮ್ಮ ಮುರುಕು ಬಂಗಾಳಿಯಲ್ಲಿ ವಿನಯದಿಂದ ಕೇಳಿದರು. ಹಿರಿಯರಿಗೆ ನಗು ಬಂತು. ವಿಷಯ ಅಲ್ಲಿಗೆ ಮುಗಿಯಿತು. ಬಂಗಾಳಿಯಲ್ಲಿ ಬಾಡಿಗೆದಾರನಿಗೆ 'ಭಾಡಾಟೆ' ಎನ್ನುತ್ತಾರೆ. ಅಂದಿನಿಂದ ಕಸಬಾದಲ್ಲಿ ಅವರು ಭರತೇಶ್ ಬಾಬು ಹೋಗಿ 'ಭಾಡಾಟೇಶ್ ಬಾಬು' ಆದರು, ಬಾಡಿಗೆದಾರರ ಈಶ್ವರ. ಆ ಹೆಸರು ಅವರಿಗೆ ಬಹಳ ಸಂತೋಷ ಕೊಟ್ಟಿತು.

ಒಂದು ಮನೆಯ ಬಾಡಿಗೆ ಇನ್ನೊಂದರ ಸಾಲ ತೀರಿಸುವ ಚಕ್ರ ಉರುಳತೊಡಗಿತ್ತು. ಎರಡು ಸಾವಿರದ ಐದರಲ್ಲಿ ಅವರು ರಾಜಾರ್‌ಹಾಟಿನ ಬಯಲಿನಲ್ಲಿ ಏಳಲಿದ್ದ ಒಂದು ಬಹುಮಹಡಿ ಗೋಪುರದಲ್ಲಿ ಮೂರನೆಯ ಮನೆಗೆ ಹಣ ಕಟ್ಟಿದರು. ಇದು ವಂದನಾಳಿಗೆ ಎಂದು ಎಲ್ಲರೆದುರು ಹೇಳಿದರು. ಲಿಫ್ಟು, ತಗ್ಗದ ನೀರು, ಮೂರು ಕಡೆ ಕಿಟಕಿ. ನೋಡದೆ, ಕುಟ್ಟದೆ, ಮಳೆಯಲ್ಲಿ ಪರೀಕ್ಷಿಸದೆ ಅವರು ಕೊಂಡ ಮನೆ ಅದೊಂದೇ. ನೋಡಲು ಅಲ್ಲಿ ಹುಲ್ಲಿನ ಹೊರತು ಬೇರೇನೂ ಇರಲಿಲ್ಲ. ಕಟ್ಟುವವನು ಎರಡು ವರ್ಷದ ಗಡುವು ಹೇಳಿದ್ದ. ಎರಡು ವರ್ಷ ಕಳೆದ ಮೇಲೆ ಯಾವಾಗ ಕೇಳಿದರೂ ಅವನ ಉತ್ತರ ಒಂದೇ: “ಪೂಜೋರ್ ಪೊರೆ.” ಪೂಜೆ ಮುಗಿದ ಮೇಲೆ. ಪೂಜೆಗಳು ಬಂದವು, ಹೋದವು. ದುರ್ಗೆ ಹೂಗ್ಲಿ ನದಿಯಲ್ಲಿ ಮುಳುಗಿದಳು, ಗೋಪುರ ಏಳನೆಯ ಮಹಡಿಯ ಮೇಲೆ ಏಳಲಿಲ್ಲ.

ಎರಡು ಸಾವಿರದ ಎಂಟರ ಏಪ್ರಿಲ್ ಕೊನೆಗೆ ಅಕಿವಾಟೆಯವರು ನಿವೃತ್ತರಾದರು. ಕ್ವಾರ್ಟರ್ಸು ಬಿಡಬೇಕಾಯಿತು. ಎರಡು ಮನೆಯ ಒಡೆಯನಿಗೆ, ಮೂರನೆಯದಕ್ಕೆ ಹಣ ಕಟ್ಟಿದವನಿಗೆ ಹೋಗಲು ಮನೆಯಿರಲಿಲ್ಲ. ರಾಜಾರ್‌ಹಾಟ್ ಅರ್ಧಕ್ಕೆ ನಿಂತಿತ್ತು. ಕಸಬಾದ ನಾಲ್ಕು ಮಹಡಿಯನ್ನು ವಂದನಾ ಅವರ ಉಸಿರು ಏರಲಾರದು. ಉಳಿದದ್ದು ಲೇಕ್ ಗಾರ್ಡನ್ಸ್. ಸ್ಥಳೀಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಮಗಳು ನಮ್ರತಾ, ಕನ್ನಡವನ್ನು ಅರ್ಥ ಮಾಡಿಕೊಂಡು ಹಿಂದಿಯಲ್ಲಿ ಜಗಳವಾಡುವವಳು, ಒಂದು ಸಂಜೆ ನೇರವಾಗಿ ಕೇಳಿದಳು.

“ಪಪ್ಪಾ, ಸಬ್ ಕಾ ಘರ್ ನೀವು ನೋಡ್ತೀರಿ. ಮಮ್ಮೀ ಕಾ ಕೌನ್ ದೇಖೇಗಾ?”

ಅಮ್ಮನ ಮನೆಯನ್ನು ಯಾರು ನೋಡುವರು ಎಂಬ ಆ ಪ್ರಶ್ನೆಗೆ ಅಕಿವಾಟೆಯವರು ಕೋಟು ತೊಟ್ಟವರಂತೆ ಬಿಗಿಯಾಗಿ ಕುಳಿತುಬಿಟ್ಟರು. ಸ್ನೇಹಲತಾ ಅವರಿಗೆ ಆಡಿದ ಮಾತನ್ನು ತಾನು ಮುರಿಯಲಾರೆನೆಂದು ಅವರು ಹೇಳಲಿಲ್ಲ, ಮುರಿಯುವೆನೆಂದೂ ಹೇಳಲಿಲ್ಲ. ಮರುದಿನ ಭಾನುವಾರ; ವಂದನಾ ತಾವೇ ಹೊರಟರು. ಗಂಡ ಕೊಟ್ಟ ಮಾತು ಗಂಡನನ್ನು ಕಟ್ಟುತ್ತದೆ, ತನ್ನನ್ನು ಕಟ್ಟುವುದಿಲ್ಲ, ಹೆಂಗಸು ಹೆಂಗಸಿಗೆ ಹೇಳಿದರೆ ತಿಳಿದೀತು ಎಂದು ಅವರ ಎಣಿಕೆ. ಹೌರಾದಿಂದ ಬಸ್ಸಿನಲ್ಲಿ ಗರಿಯಾಹಾಟಿಗೆ ಬಂದು, ಬೀದಿ ಅಂಗಡಿಯಲ್ಲಿ ಮೋಸಂಬಿ ಕೊಂಡು, ಆಟೋ ಹಿಡಿದು, ಒಂದೇ ಮಹಡಿಯ ಮೆಟ್ಟಿಲನ್ನು ಮೂರು ಕಡೆ ನಿಂತು ಏರಿದರು.

ಸ್ನೇಹಲತಾ ಆದರದಿಂದ ಒಳಗೆ ಕರೆದು ಚಹಾಕ್ಕಿಟ್ಟರು. ಗ್ಯಾಲರಿಯ ಬಿಸಿಲಿನಲ್ಲಿ ಪುಂಡಲೀಕರು ಗಾಲಿಕುರ್ಚಿಯಲ್ಲಿದ್ದರು. ವಂದನಾ ಪುಂಡಲೀಕರ ಪಕ್ಕ ನಿಂತಾಗ ಬಜ್‌ಬಜ್ ಕಡೆಯ ಲೋಕಲ್ ಬಂತು. ಪುಂಡಲೀಕರು ಎಡಗೈಯನ್ನು ಮೆಲ್ಲಗೆ ಭುಜದವರೆಗೆ ಎತ್ತಿದರು. ಕೊನೆಯ ಡಬ್ಬಿಯಿಂದ ಗಾರ್ಡ್ ತನ್ನ ಹಸಿರು ಬಾವುಟವನ್ನು ಒಂದು ಸಲ ಬೀಸಿದ. ಮೂವತ್ತು ವರ್ಷದ ರೈಲ್ವೆ ಸಂಸಾರದಲ್ಲಿ ವಂದನಾ ಇಂಥದನ್ನು ಕಂಡಿರಲಿಲ್ಲ. ದಿನಕ್ಕೆ ಎಷ್ಟು ಗಾಡಿ, ಎಷ್ಟು ಬಾವುಟ. ಆ ಮನುಷ್ಯನ ಮುಖದ ಸರಿಯಿದ್ದ ಅರ್ಧದಲ್ಲಿ ಅರಳಿದ್ದ ನಗುವನ್ನು ನೋಡುತ್ತ ಅವರು ಹೇಳಬಂದದ್ದನ್ನು ಮರೆತರು. ಇಲ್ಲಿ ಏನೇನು ಒಣಹಾಕುತ್ತೀರಿ ಎಂದು ಮಾತ್ರ ಸ್ನೇಹಲತಾ ಅವರನ್ನು ಕೇಳಿದರು.

ಹೊತ್ತು ಇಳಿಯುವ ಮೊದಲು ಮನೆಗೆ ಬಂದು, ಊಟಕ್ಕೆ ಬಡಿಸುತ್ತ, ಗಂಡನಿಗೆ ಹೇಳಿದರು: “ನಾ ಕೇಳಲಿಲ್ಲರಿ. ಆ ಗ್ಯಾಲರಿ ಅವರಿಗೆ ಬೇಕು. ನಡೀತದ, ರಾಜಾರ್‌ಹಾಟ್ ಆಗೂತನಕ ಎಲ್ಲರೆ ಇರೂಣು.”

ಅಕಿವಾಟೆಯವರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾಟಿನಲ್ಲಿದ್ದುದನ್ನು ಆ ದಿನ ಅವರು ರುಚಿಯಿಂದ ಉಂಡರು. ತನ್ನ ಮಾತು ಉಳಿಯಿತು, ಅದೂ ಹೆಂಡತಿಯ ಕೈಯಿಂದಲೇ ಉಳಿಯಿತು ಎಂಬ ಆ ಹಗುರವನ್ನೇ ಮುಂದೆ ಅವರು ತಮಗೆ ತಾವು ಕ್ಷಮಿಸಿಕೊಳ್ಳಲಾರದೆ ಹೋದರು. ಎದುರಿಗೆ ಕೂತು ಚಪಾತಿ ಮುರಿಯುತ್ತಿದ್ದ ಹೆಂಗಸು ಎರಡು ತುತ್ತಿನ ನಡುವೆ ಉಸಿರಿಗಾಗಿ ತಡೆಯುತ್ತಿದ್ದುದನ್ನು ಅವರು ನೋಡಿದ್ದರು; ನೋಡಿಯೂ ಸಂತೋಷವಾಗಿದ್ದರು.

ಢಾಕುರಿಯಾದಲ್ಲಿ ಎರಡು ಕೋಣೆಯ ನೆಲಮಹಡಿ ಬಾಡಿಗೆಗೆ ಸಿಕ್ಕಿತು. ಹಳೆಯ ಕೊಳದ ದಂಡೆ. ಮೊದಲ ದಿನವೇ ಅಕಿವಾಟೆಯವರ ಬೆರಳಿಗೆ ಗೋಡೆಯ ರೋಗ ತಿಳಿಯಿತು. ಗಿಲಾವು ಕೆರೆದು ಮೆತ್ತಲು ಅಪ್ಪಣೆ ಬೇಡಿದರೆ, ಮನೆಯ ಮಾಲಕ, ಒಬ್ಬ ಔಷಧದ ಅಂಗಡಿಯವ, ತನ್ನ ಗೋಡೆಯನ್ನು ಯಾರೂ ಮುಟ್ಟಕೂಡದೆಂದ. ತಮ್ಮ ಬಾಡಿಗೆದಾರರು ಕೇಳಿದ ದಿನವೇ ಉಳಿ ಹಿಡಿದು ಓಡುತ್ತಿದ್ದವರು ಈಗ ಬಾಡಿಗೆದಾರರಾಗಿ, ಸುಣ್ಣದ ಬಟ್ಟಲು ಹಿಡಿದು, ಕಲೆ ಕಾಣಿಸಿದಲ್ಲೆಲ್ಲ ಹಚ್ಚುತ್ತ ಆ ಮಳೆಗಾಲವನ್ನು ಕಳೆದರು. ಬೆಳಿಗ್ಗೆ ಹಚ್ಚಿದ ಸುಣ್ಣ ಸಂಜೆಗೆ ಹಪ್ಪಳೆಯಾಗಿ ಉದುರುತ್ತಿತ್ತು. ವಂದನಾ ಹಾಸಿಗೆಯಲ್ಲಿ ದಿಂಬಿಗೊರಗಿ ಕುಳಿತು ಅದನ್ನು ನೋಡುತ್ತಿದ್ದರು. ಆ ವರ್ಷದ ಪೂಜೆಯೂ ಮುಗಿಯಿತು. ಚಳಿಗೆ ಹೊಗೆ ಮತ್ತು ಮಂಜು ಕೂಡಿ ನೆಲಕ್ಕಿಳಿದವು. ಜನವರಿಯ ಎರಡನೆಯ ವಾರ, ಮಧ್ಯಾಹ್ನದ ಹೊತ್ತು, ಆಸ್ಪತ್ರೆಗೆ ಕರೆದೊಯ್ದ ಮೂರನೆಯ ದಿನ ವಂದನಾ ತೀರಿಕೊಂಡರು. ಕೊನೆಯ ಬೆಳಿಗ್ಗೆ ಅವರು ಗಂಡನಿಗೆ ಹೇಳಿದ್ದು ಕೋಟಿನ ಒಳಸ್ತರ ಹರಿದಿದೆ, ನಮ್ರತಾಳ ಕೈಗೆ ಕೊಡಿ ಎಂಬ ಮಾತು.

ಹತ್ತು ದಿನದ ಮೇಲೆ ಸ್ನೇಹಲತಾ ಬಂದರು. ಚಾಪೆಯ ಮೇಲೆ ಕುಳಿತು, ವಂದನಾ ಬಾಯಿ ತಮ್ಮ ಮನೆಗೆ ಬಂದಿದ್ದುದನ್ನು, ಮೋಸಂಬಿ ತಂದಿದ್ದುದನ್ನು, ಪುಂಡಲೀಕರ ಪಕ್ಕ ಬಹಳ ಹೊತ್ತು ನಿಂತಿದ್ದುದನ್ನು ಕಣ್ಣೊರೆಸಿಕೊಳ್ಳುತ್ತ ನೆನೆದರು. ಆಗ ನಮ್ರತಾ, ತಂದೆ ತಡೆಯುವಷ್ಟರಲ್ಲಿ, ತಾಯಿ ಅಂದು ಏಕೆ ಬಂದಿದ್ದಳೆಂಬುದನ್ನು ಹಿಂದಿಯಲ್ಲಿ ಹೇಳಿಬಿಟ್ಟಳು. ಸ್ನೇಹಲತಾ ಅವರ ಕೈ ಕಣ್ಣಿನ ಹತ್ತಿರವೇ ನಿಂತಿತು.

“ಒಂದು ಮಾತು ಹೇಳ್ಬಹುದಿತ್ತಲ್ಲ,” ಎಂದರು. “ಬ್ಯಾಂಕಿನವರು ಲಿಫ್ಟ್ ಇರುವ ಮನೆ ಕೊಡ್ತೇವೆ ಅಂತ ಎರಡು ಸರ್ತಿ ಕೇಳಿದ್ರು. ನಾನೇ ಬೇಡ ಅಂದೆ. ನಮಗೋಸ್ಕರ ನೀವು ಬಾಗಿಲೇ ಒಡ್ದು ದೊಡ್ಡದು ಮಾಡಿದ್ದೀರಿ. ಬಿಟ್ಟು ಹೋದ್ರೆ ನಿಮಗೆ ಬೇಜಾರಾಗ್ತದೆ ಅಂತ.”

ಅಕಿವಾಟೆಯವರ ತುಟಿ, ಯಾವುದೋ ಲೆಕ್ಕ ತಪ್ಪಿದವರಂತೆ, ಸ್ವಲ್ಪ ಹೊತ್ತು ಅಲುಗಿತು. ಆ ಕೋಣೆಯಲ್ಲಿ ಮೂವರೂ ಕುಳಿತಿದ್ದರು. ಮೂವರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಸ್ನೇಹಲತಾ ಬ್ಯಾಂಕಿನ ಮನೆಗೆ ಹೋದರು. ಪೂಜೆ ಮುಗಿದ ಮೇಲೆ, ನಿಜವಾಗಿಯೂ ಪೂಜೆ ಮುಗಿದ ಮೇಲೆ, ರಾಜಾರ್‌ಹಾಟಿನ ಕೀಲಿಯೂ ಬಂತು. ನಮ್ರತಾ ಎರಡರಲ್ಲಿ ಒಂದಕ್ಕೆ ಹೋಗೋಣವೆಂದು ಕೇಳಿಕೊಂಡಳು. ಅವರು ಹೋಗಲಿಲ್ಲ; ಢಾಕುರಿಯಾದ ಆ ನೆಲಮಹಡಿಯಲ್ಲೇ ಉಳಿದರು. ಎರಡು ಮನೆಗಳನ್ನೂ ಬಾಡಿಗೆಗೆ ಕೊಟ್ಟರು. ಆದರೆ ಕೊಡುವ ಕ್ರಮ ಬದಲಾಗಿತ್ತು. ಮೊದಲು ಗಂಡಸಿನ ನೌಕರಿ, ಊರು, ಬಳಗ ವಿಚಾರಿಸುತ್ತಿದ್ದವರು ಈಗ ಮನೆ ನೋಡಲು ಬಂದ ದಂಪತಿಗಳಲ್ಲಿ ಹೆಂಡತಿಯ ಕಡೆ ತಿರುಗಿ, ಮನೆ ಅವಳಿಗೆ ಹಿಡಿಸಿತೇ, ಯಾವ ಕೋಣೆ ಹಿಡಿಸಿತು ಎಂದು ಕೇಳುತ್ತಿದ್ದರು. ಗಂಡ ಉತ್ತರ ಕೊಡಹೊರಟರೆ ಕೈಯೆತ್ತಿ ತಡೆದು, ಆಕೆ ತಾನಾಗಿ ಬಾಯಿ ತೆರೆಯುವವರೆಗೂ ಕಾಯುತ್ತಿದ್ದರು. ಕೆಲವರಿಗೆ ಇದು ವಿಚಿತ್ರವೆನಿಸಿತು. ಒಬ್ಬಿಬ್ಬರು ಮನೆ ಬೇಡವೆಂದು ಹೋದರು.

ಅವರಂಥವರು ನಮ್ಮ ನಡುವೆ ವಿರಳವಲ್ಲ. ಅನ್ಯರ ಕಷ್ಟ ಅವರಿಗೆ ದೂರದಿಂದಲೇ ಕಾಣುತ್ತದೆ, ಏಕೆಂದರೆ ಅನ್ಯರು ಅನ್ಯರು. ಅವರನ್ನು ಕೇಳಬೇಕು, ವಿಚಾರಿಸಬೇಕು, ಅವರಿಗೆ ಮಾತು ಕೊಡಬೇಕು, ಕೊಟ್ಟ ಮಾತಿಗೆ ನಿಲ್ಲಬೇಕು. ತೀರ ಹತ್ತಿರದವರನ್ನಾದರೋ ಅವರು ತಮ್ಮಿಂದ ಬೇರೆಯೆಂದೇ ಎಣಿಸಿರುವುದಿಲ್ಲ. ತಮಗೆ ಏನು ಬೇಕೆಂದು ತಮ್ಮನ್ನು ತಾವು ಎಂದೂ ಕೇಳಿಕೊಳ್ಳದೆ ಬದುಕಿದ ಆ ನಿರ್ದಾಕ್ಷಿಣ್ಯವನ್ನು ಅವರು ಪ್ರೀತಿಯ ಹೆಸರಿನಲ್ಲಿ, ಅರಿವಿಲ್ಲದೆಯೇ, ಆ ಜೀವಗಳ ಮೇಲೂ ಹೊರಿಸಿರುತ್ತಾರೆ. ಇದು ಪ್ರೀತಿಯಿಲ್ಲದಿರುವಿಕೆಯಲ್ಲ, ಪ್ರೀತಿಯ ಒಂದು ಕುರುಡು. ಬೇರೆಯವರೆಲ್ಲ ನೆರಳಲ್ಲಿ ಕುಳಿತ ಮೇಲೆ ತಾವಿಬ್ಬರೂ ಕೂರುವುದೆಂದು ನಿಶ್ಚಯಿಸಿ ನಿಂತೇ ಇರುತ್ತಾರೆ. ಜೊತೆಗೆ ನಿಂತ ಜೀವ ಆಯಾಸಗೊಂಡದ್ದು, ಅದು ಜೊತೆಯಲ್ಲಿ ಇಲ್ಲವಾದ ದಿನ ಅವರಿಗೆ ತಿಳಿಯುತ್ತದೆ.